ಹೆಪ್ಪಿಲ್ಲದ ನೀರು

೧

ಕಾಸಿ ಆರಿಸಿದ ಹಾಲನ್ನು ಹಾಗೆಯೇ ಬಿಟ್ಟರೆ ಅದು ಕೆಟ್ಟು ಒಡೆದೀತೇ ಹೊರತು ಒಳ್ಳೆಯ ಮೊಸರಾಗಲಾರದು. ಮೊಸರಾಗಬೇಕಾದರೆ ಅದಕ್ಕೆ ಹೆಪ್ಪು ಬೀಳಬೇಕು. ಹಿಂದಿನ ದಿನದ ಮೊಸರಿನ ಒಂದು ತೊಟ್ಟು ಸೇರಿತೆಂದರೆ ಬೆಳಗಾಗುವುದರೊಳಗೆ ಪಾತ್ರೆಯ ಹಾಲೆಲ್ಲವೂ ಗಟ್ಟಿಯಾಗಿ ನಿಂತಿರುವುದು. ಈ ಸಂಗತಿಯನ್ನು ಅರಿಯದ ಮನೆ ಕನ್ನಡ ನಾಡಿನಲ್ಲಿಲ್ಲ. ನೀರು ಚಳಿಯಿಂದ ಗಡ್ಡೆಯಾಗುವುದನ್ನು ಹೇಳುವಾಗಲೂ ಕನ್ನಡವು ಹಾಲಿನ ಮಾತನ್ನೇ ಎರವಲು ಪಡೆದು ‘ಹೆಪ್ಪುಗಟ್ಟಿತು’ ಎನ್ನುತ್ತದೆ. ಹಿಮವನ್ನು ಕಾಣದ ನಾಡಿನ ಜನರು ಈ ಮಾತನ್ನು ಶಾಸ್ತ್ರವಿಚಾರ ಮಾಡಿ ಬಳಕೆಗೆ ತಂದರೆಂದು ಹೇಳಲಾಗದು. ಆದರೂ ಆ ಮಾತಿನೊಳಗೆ ಒಂದು ನಿಜವು ಅಡಗಿದೆ. ಹಾಲಿನಂತೆಯೇ ನೀರಿಗೂ ಹೆಪ್ಪು ಬೇಕು. ಹೆಪ್ಪಿಲ್ಲದಿದ್ದರೆ ಸಾಧಾರಣವಾದ ಚಳಿಯೊಂದರಿಂದಲೇ ಅದು ಗಡ್ಡೆಯಾಗಬೇಕೆಂಬ ನಿಯಮವಿಲ್ಲ.

ನೀರು ಸೆಂಟಿಗ್ರೇಡ್ ಮಾನದ ಸೊನ್ನೆಯ ಡಿಗ್ರಿಯಲ್ಲಿ, ಎಂದರೆ ಫಾರನ್‌ಹೀಟ್ ಮಾನದ ೩೨ನೆಯ ಡಿಗ್ರಿಯಲ್ಲಿ, ಮಂಜುಗಡ್ಡೆಯಾಗುವುದೆಂದು ಶಾಲೆಯ ಪಾಠಪುಸ್ತಕಗಳು ಕಲಿಸುತ್ತವೆ. ಮಂಜುಗಡ್ಡೆಯು ಕರಗುವ ಮಟ್ಟವನ್ನು ಹೇಳುವುದಾದರೆ ಈ ಮಾತಿಗೆ ಅಪವಾದವಿಲ್ಲ. ಗಡ್ಡೆಯಾಗುವ ಮಟ್ಟವನ್ನು ಹೇಳುವುದಾದರೆ ಮಾತ್ರ ಅದು ಅರ್ಧಸತ್ಯ. ನಿರ್ಮಲವಾದ ನೀರನ್ನು ಶುಭ್ರವಾದ ಪಾತ್ರೆಯಲ್ಲಿ ಮುಚ್ಚಿಟ್ಟು, ಅಲುಗಾಡಿಸದೆ ನಿಧಾನವಾಗಿ ತಣಿಸಿದರೆ, ಅದು ಸೊನ್ನೆಗಿಂತ ಐದು ಡಿಗ್ರಿ, ಎಂಟು ಡಿಗ್ರಿ, ಕೆಲವು ವೇಳೆ ಅದಕ್ಕೂ ಕೆಳಗೆ ಇಳಿದು ನೀರಾಗಿಯೇ ನಿಂತಿರುವುದು. ಅಂಥ ನೀರಿಗೆ ಒಂದು ಚೂರು ಮಂಜನ್ನು ಮುಟ್ಟಿಸಿದರೆ ಸಾಕು, ನೋಡುತ್ತಿರುವಂತೆಯೇ ಬಿಳಿಯ ಸೂಜಿಗಳು ಎಲ್ಲ ಕಡೆಗೂ ಹಬ್ಬಿಬಿಡುತ್ತವೆ. ಇಂದಿನ ಮನೆಗಳಲ್ಲಿ ರೆಫ್ರಿಜರೇಟರಿನ ಅತಿ ತಣ್ಣನೆಯ ಗೂಡಿನಲ್ಲಿ ಸೋಡಾ ಬಾಟಲನ್ನು ಮರೆತಿಟ್ಟವರು ಈ ನೋಟವನ್ನು ಆಕಸ್ಮಿಕವಾಗಿ ಕಂಡಿರಬಹುದು. ಹೊರಗೆ ತೆಗೆದಾಗ ತಿಳಿಯಾಗಿದ್ದ ಪಾನೀಯವು ಮುಚ್ಚಳ ತಿರುಗಿಸಿದೊಡನೆ ನುಚ್ಚುಮಂಜಾಗುವುದು.

ನೋಡುವುದಕ್ಕೆ ಇದೊಂದು ಆಟದಂತಿದೆ. ಆದರೆ ಇದನ್ನು ಅರಿತುಕೊಳ್ಳುವುದಕ್ಕೆ ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ಈ ಅರಿವಿನ ಕಥೆಯಲ್ಲಿ ಬಾದಶಹರ ನೀರುಮನೆಯ ಸೇವಕರೂ, ಗಂಗಾತೀರದ ಮಂಜು ಮಾಡುವ ಕೂಲಿಯವರೂ, ಆಫ್ರಿಕದ ಒಬ್ಬ ಶಾಲಾಬಾಲಕನೂ, ಯೂರೋಪಿನ ಮಹಾಪಂಡಿತರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕೈಕೆಲಸದವರ ವಾಡಿಕೆಯನ್ನು ಪಂಡಿತರು ಮೂಢನಂಬಿಕೆಯೆಂದು ತಳ್ಳಿದಾಗ ಅರಿವು ನಿಂತಿತು. ವಿನಯದಿಂದ ಪರೀಕ್ಷಿಸಿದಾಗ ಮುಂದೆ ಸಾಗಿತು. ಈ ಇತಿಹಾಸದಿಂದ ಕಲಿಯಬೇಕಾದ ಮುಖ್ಯವಾದ ಪಾಠವಿದು.

೨

ಪಾನೀಯವನ್ನು ತಣಿಸಿ ಕುಡಿಯಬೇಕೆಂಬ ಆಸೆಯು ಬಹು ಪುರಾತನವಾದುದು. ರೋಮಿನ ಶ್ರೀಮಂತರು ಬೆಟ್ಟಗಳಿಂದ ಹಿಮವನ್ನು ತರಿಸಿ ದ್ರಾಕ್ಷಾರಸಕ್ಕೆ ಬೆರೆಸುತ್ತಿದ್ದರು. ಹಿಮದಲ್ಲಿ ಕಸವೂ ಮಣ್ಣೂ ಇರುವುದರಿಂದ ಅದನ್ನು ನೇರವಾಗಿ ಬೆರೆಸದೆ, ನೀರನ್ನು ಮೊದಲು ಕುದಿಸಿ ಗಾಜಿನ ಪಾತ್ರೆಯಲ್ಲಿ ತುಂಬಿ, ಆ ಪಾತ್ರೆಯನ್ನು ಹಿಮದಲ್ಲಿ ಹೂಳಿ ತಣಿಸುವ ಉಪಾಯವನ್ನು ಚಕ್ರವರ್ತಿ ನೀರೋ ಕಂಡುಹಿಡಿದನೆಂದು ಕ್ರಿಸ್ತಶಕ ಮೊದಲನೆಯ ಶತಮಾನದ ಪ್ಲಿನಿಯು ಬರೆದಿಟ್ಟಿದ್ದಾನೆ. ಒಮ್ಮೆ ಕಾಯಿಸಿದ ನೀರು ಬೇಗನೆ ತಣಿಯುವುದೆಂಬ ನಂಬಿಕೆ ಅದಕ್ಕೂ ಹಿಂದಿನದು. ಗ್ರೀಸಿನ ಅರಿಸ್ಟಾಟಲನು ತನ್ನ ವಾಯುಮಂಡಲ ವಿಷಯಕ ಗ್ರಂಥದಲ್ಲಿ ಇದನ್ನು ಹೇಳಿ, ಪಾಂಟಸ್ ಪ್ರಾಂತದ ಬೆಸ್ತರು ಹಿಮದ ಮೇಲೆ ಬಿಡಾರ ಹೂಡಿದಾಗ ತಮ್ಮ ಬಿದಿರುಗಳಂಥ ಜೊಂಡಿನ ಕಡ್ಡಿಗಳು ಭದ್ರವಾಗಿ ಕಚ್ಚಿಕೊಳ್ಳಲೆಂದು ಅವುಗಳ ಸುತ್ತ ಬಿಸಿನೀರನ್ನು ಸುರಿಯುತ್ತಿದ್ದ ವಾಡಿಕೆಯನ್ನು ಉದಾಹರಿಸುತ್ತಾನೆ. ಕಾಯಿಸಿದ ನೀರಿನ ಈ ಮಾತು ಎರಡು ಸಾವಿರ ವರ್ಷಗಳಿಗೂ ಮೀರಿ ಮತ್ತೆ ಮತ್ತೆ ತಲೆಯೆತ್ತುವುದನ್ನು ಮುಂದೆ ಕಾಣಬಹುದು.

ಹಿಮವು ದೊರೆಯದ ಕಡೆ ಜನರು ಬೇರೆ ದಾರಿ ಹಿಡಿದರು. ಮಣ್ಣಿನ ಹೂಜಿಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುವುದರಿಂದ ಅದು ತಂಪಾಗುವುದು. ರಾಮನವಮಿಯ ಪಾನಕಕ್ಕೆ ಈ ತಂಪು ಸಾಕು. ಇದಕ್ಕಿಂತ ಹೆಚ್ಚಿನ ತಂಪನ್ನು ಬಯಸಿದವರಿಗೆ ಪೆಟ್ಲುಪ್ಪು ನೆರವಿಗೆ ಬಂದಿತು. ೧೫೫೦ರಲ್ಲಿ ರೋಮ್ ನಗರದಲ್ಲಿದ್ದ ಸ್ಪೇನ್ ದೇಶದ ವೈದ್ಯ ವಿಲ್ಲಾಫ್ರಾಂಕನು ಪೆಟ್ಲುಪ್ಪಿನಿಂದ ನೀರನ್ನೂ ದ್ರಾಕ್ಷಾರಸವನ್ನೂ ತಣಿಸುವ ಕ್ರಮವನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು.

ಹಿಂದೂಸ್ಥಾನದಲ್ಲಿ ಇದೇ ಕ್ರಮದ ವಿವರವು ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ ದೊರೆಯುತ್ತದೆ. ಅಕ್ಬರನ ಅರಮನೆಯ ನೀರುಮನೆಗೆ ಆಬ್‌ದಾರ್‌ಖಾನೆ ಎಂದು ಹೆಸರು. ತವರದ ಅಥವಾ ಬೆಳ್ಳಿಯ ಕೂಜೆಯಲ್ಲಿ ಒಂದು ಸೇರು ನೀರನ್ನು ತುಂಬಿ ಬಾಯಿ ಮುಚ್ಚುವರು. ಬೇರೊಂದು ಪಾತ್ರೆಯಲ್ಲಿ ಎರಡೂವರೆ ಸೇರು ಪೆಟ್ಲುಪ್ಪಿಗೆ ಐದು ಸೇರು ನೀರು ಹಾಕಿ, ಅದರಲ್ಲಿ ಕೂಜೆಯನ್ನು ಸುಮಾರು ಕಾಲು ಗಂಟೆಯ ಹೊತ್ತು ಆಡಿಸುವರು. ಒಳಗಿನ ನೀರು ತಣ್ಣಗಾಗುವುದು. ಕೋವಿಯ ಮದ್ದಿನಲ್ಲಿ ಬೆಂಕಿಯುಗುಳುವ ವಸ್ತುವೇ ನೀರನ್ನು ತಣಿಸುವ ಸಾಧನವಾದ ವೈಚಿತ್ರ್ಯವನ್ನು ಗ್ರಂಥಕರ್ತನೂ ಗಮನಿಸಿದ್ದಾನೆ. ಬಾದಶಹನ ಬಿಡಾರವು ಪಂಜಾಬಿಗೆ ಹೋದ ಮೇಲೆ, ಸುಮಾರು ೧೫೮೬ರಿಂದ, ಲಾಹೋರಿಗೆ ನಲವತ್ತೈದು ಹರಿದಾರಿ ದೂರದ ಬೆಟ್ಟಗಳಿಂದ ಹಿಮವನ್ನು ಹೊಳೆಯ ಮೇಲೂ ನೆಲದ ಮೇಲೂ ತರಿಸತೊಡಗಿದರು.

ಪೆಟ್ಲುಪ್ಪು ಕರಗುವಾಗ ಸುತ್ತಲಿನ ಶಾಖವನ್ನು ಹೀರುವುದೇ ಈ ತಂಪಿಗೆ ಕಾರಣ. ಆದರೆ ಬೇಸಿಗೆಯ ನೀರನ್ನು ಹೆಪ್ಪುಗಟ್ಟುವ ಮಟ್ಟದವರೆಗೆ ಇಳಿಸುವ ಶಕ್ತಿ ಅದಕ್ಕಿಲ್ಲ. ಆ ಗೆರೆಯನ್ನು ದಾಟಿಸಿದುದು ಹಿಮ ಮತ್ತು ಉಪ್ಪುಗಳ ಮಿಶ್ರಣ. ಹಿಮಕ್ಕೆ ಉಪ್ಪು ಬೆರೆತಾಗ ಅದು ಸೊನ್ನೆಗಿಂತ ಕೆಳಗಿನ ಮಟ್ಟದಲ್ಲಿಯೂ ಕರಗತೊಡಗಿ, ಕರಗುವುದಕ್ಕೆ ಬೇಕಾದ ಶಾಖವನ್ನು ತನ್ನಿಂದಲೂ ಸುತ್ತಲಿಂದಲೂ ಸೆಳೆಯುವುದು. ಅಡಿಗೆಯ ಉಪ್ಪನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಮಿಶ್ರಣವು ಸೊನ್ನೆಗಿಂತ ೨೧ ಡಿಗ್ರಿ ಸೆಂಟಿಗ್ರೇಡ್ ಕೆಳಗೆ ಇಳಿಯಬಲ್ಲುದು. ನೇಪಲ್ಸ್ ನಗರದ ಡೆಲ್ಲಾ ಪೋರ್ತನು ೧೫೮೯ರಲ್ಲಿ ಹಿಗ್ಗಿಸಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ದ್ರಾಕ್ಷಾರಸದ ಸೀಸೆಯನ್ನು ಹಿಮ ಮತ್ತು ಪೆಟ್ಲುಪ್ಪುಗಳ ನಡುವೆ ತಿರುಗಿಸುತ್ತ ರಸವನ್ನು ಗಟ್ಟಿಮಾಡುವ ಬಗೆಯನ್ನು ಬರೆದನು. ಹೀಗೆ ನೀರನ್ನು ಸೊನ್ನೆಯ ಕೆಳಗೆ ಇಳಿಸುವ ಸಾಧನವು ಅಡಿಗೆಮನೆಗೆ ಬಂದಿತು. ಆದರೆ ಸೊನ್ನೆಯ ಕೆಳಗೆ ನೀರು ನೀರಾಗಿಯೇ ಉಳಿಯಬಹುದೆಂಬ ಯೋಚನೆ ಮಾತ್ರ ಇನ್ನೂ ಯಾರಿಗೂ ಬಂದಿರಲಿಲ್ಲ.

೩

ಯೋಚನೆ ಬಾರದುದಕ್ಕೆ ಒಂದು ಕಾರಣವಿತ್ತು. ಚಳಿಯನ್ನು ಅಳೆಯುವ ನಂಬಿಕೆಯ ಸಾಧನವೇ ಆಗ ಇರಲಿಲ್ಲ. ಫ್ಲಾರೆನ್ಸಿನಲ್ಲಿ ೧೬೫೭ರಿಂದ ೧೬೬೭ರ ವರೆಗೆ ನಡೆದ ‘ಪ್ರಯೋಗ ಪರಿಷತ್ತು’ ನೀರಿನ ಘನೀಭವನವನ್ನು ಬಹು ಎಚ್ಚರಿಕೆಯಿಂದ ಪರೀಕ್ಷಿಸಿತು. ಉದ್ದವಾದ ಕೊಳವೆಯುಳ್ಳ ಗಾಜಿನ ಬುರುಡೆಯಲ್ಲಿ ನೀರನ್ನು ತುಂಬಿ, ಹಿಮದಲ್ಲಿಟ್ಟು, ಕೊಳವೆಯೊಳಗೆ ನೀರಿನ ಮಟ್ಟವು ಏರಿಳಿಯುವುದನ್ನು ಆ ಪಂಡಿತರು ಬರೆದಿಟ್ಟುಕೊಂಡರು. ಗಡ್ಡೆಯಾಗುವ ಗಳಿಗೆ ಬಂದಾಗ ನೀರು ಮೆಲ್ಲಗೆ ಏರದೆ, ಕಣ್ಣಿಗೆ ಸಿಗದಷ್ಟು ವೇಗದಿಂದ ಹಾರಿಬಿಡುತ್ತಿದ್ದುದು ಅವರನ್ನು ಬೆರಗುಗೊಳಿಸಿತು. ನೀರು ಸೊನ್ನೆಯನ್ನು ದಾಟಿ ಕೆಳಗಿಳಿದು ಕಾದಿದ್ದು, ಬಳಿಕ ಒಮ್ಮೆಗೇ ಗಡ್ಡೆಕಟ್ಟಿದುದರ ಗುರುತು ಅದು. ಅವರು ನೆಗೆತವನ್ನು ಕಂಡರು. ಅದರ ಹಿಂದಿನ ಕಾಯುವಿಕೆಯನ್ನು ಕಾಣಲಿಲ್ಲ.

ಕಾಯುವಿಕೆಯನ್ನು ಕಂಡವನು ಡಾನ್‌ಜಿಗ್ ನಗರದಲ್ಲಿ ಹುಟ್ಟಿ ಹಾಲೆಂಡಿನ ಆಮ್‌ಸ್ಟರ್‌ಡಾಮಿನಲ್ಲಿ ನೆಲಸಿದ್ದ ಫಾರನ್‌ಹೀಟನು. ಇವನು ವಿಶ್ವವಿದ್ಯಾನಿಲಯದ ಪಂಡಿತನಲ್ಲ. ಗಾಜನ್ನೂದಿ ಉಷ್ಣಮಾಪಕಗಳನ್ನು ಮಾಡಿ ಮಾರುತ್ತಿದ್ದ ಕುಶಲಕರ್ಮಿ. ಪಾದರಸದ ಉಷ್ಣಮಾಪಕವನ್ನು ಪರಸ್ಪರ ಹೊಂದುವಂತೆ ನಿಖರವಾಗಿ ತಯಾರಿಸಿದ ಕೀರ್ತಿ ಇವನದು. ಗಾಳಿಯಿಲ್ಲದ ಪಾತ್ರೆಯಲ್ಲಿ ನೀರು ಹೇಗೆ ಹೆಪ್ಪುಗಟ್ಟುವುದೆಂದು ತಿಳಿಯಲು, ೧೭೨೧ರ ಮಾರ್ಚ್ ತಿಂಗಳ ಒಂದು ರಾತ್ರಿ ಇವನು ಗಾಜಿನ ಬುರುಡೆಯೊಂದರಲ್ಲಿ ಮಳೆಯ ನೀರನ್ನು ಅರ್ಧದಷ್ಟು ತುಂಬಿ, ಗಾಳಿಯನ್ನು ಹೊರದೂಡಿ, ಬಾಯನ್ನು ಬೆಸೆದು ಚಳಿಯಲ್ಲಿಟ್ಟನು. ಆಗಿನ ಚಳಿ ಅವನ ಮಾನದಲ್ಲಿ ೧೫ ಡಿಗ್ರಿ. ಎಂದರೆ ಸೆಂಟಿಗ್ರೇಡ್ ಸೊನ್ನೆಗಿಂತ ಒಂಬತ್ತು ಡಿಗ್ರಿಗೂ ಹೆಚ್ಚು ಕೆಳಗೆ. ಬೆಳಗ್ಗೆ ನೋಡಿದಾಗ ನೀರು ನೀರಾಗಿಯೇ ಇದ್ದಿತು.

ಗಾಳಿಯ ಅಭಾವವೇ ಇದಕ್ಕೆ ಕಾರಣವೆಂದು ಊಹಿಸಿ ಫಾರನ್‌ಹೀಟನು ಬುರುಡೆಯ ತುದಿಯನ್ನು ಮುರಿದನು. ಒಡನೆಯೇ ನೀರಿನ ತುಂಬ ಮಂಜಿನ ಎಳೆಗಳು ಹಬ್ಬಿದವು. ಊಹೆಯು ನಿಜವಾಯಿತೆಂದೇ ಅವನು ಎಣಿಸಿದನು. ಆದರೆ ಆ ಬಳಿಕ, ಅಂಥದೇ ಇನ್ನೊಂದು ಬುರುಡೆಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಹೋಗುತ್ತಿರುವಾಗ ಅವನ ಕಾಲು ಎಡವಿತು. ಬುರುಡೆ ಒಡೆಯಲಿಲ್ಲ, ಬಾಯಿ ತೆರೆಯಲಿಲ್ಲ, ಒಂದು ತೊಟ್ಟು ಗಾಳಿಯೂ ಒಳಗೆ ಹೋಗಲಿಲ್ಲ. ಆದರೂ ನೀರಿನ ತುಂಬ ಮಂಜಿನ ಚೂರುಗಳು ತುಂಬಿಕೊಂಡವು. ಅಲುಗಾಟವೊಂದೇ ಸಾಕಾಯಿತೆಂದು ಆ ಎಡವು ಅವನಿಗೆ ತೋರಿಸಿಕೊಟ್ಟಿತು. ತನ್ನ ಊಹೆಯ ತಪ್ಪನ್ನು ಮುಚ್ಚಿಡದೆ, ನಡೆದುದನ್ನು ನಡೆದಂತೆ ಬರೆದು, ೧೭೨೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಅದೇ ವರ್ಷ ಆ ಸೊಸೈಟಿಯು ಈ ಗಾಜಿನ ಕೆಲಸಗಾರನನ್ನು ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತು.

ಫಾರನ್‌ಹೀಟನು ಇನ್ನೊಂದು ವಿಚಿತ್ರವನ್ನೂ ಕಂಡಿದ್ದನು. ಮಂಜಿನ ಎಳೆಗಳು ಹಬ್ಬಿದ ಕೂಡಲೆ ಉಷ್ಣಮಾಪಕದ ಪಾದರಸವು ಕೆಳಗಿಳಿಯದೆ, ಮೇಲೇರಿ ೩೨ನೆಯ ಡಿಗ್ರಿಯಲ್ಲಿ ನಿಂತಿತು. ಹೆಪ್ಪುಗಟ್ಟುವ ನೀರು ಬೆಚ್ಚಗಾಗುವುದೆಂದರೇನು? ಇದಕ್ಕೆ ಉತ್ತರವನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕನು ೧೭೬೦ರ ದಶಕದಲ್ಲಿ ತನ್ನ ವಿದ್ಯಾರ್ಥಿಗಳಿಗೆ ಬೋಧಿಸಿದನು. ಮಂಜುಗಡ್ಡೆಯು ಕರಗುವಾಗ ಹೆಚ್ಚಿನ ಶಾಖವನ್ನು ಹೀರಿ ಗುಪ್ತವಾಗಿ ಇಟ್ಟುಕೊಳ್ಳುತ್ತದೆ. ನೀರು ಮತ್ತೆ ಗಡ್ಡೆಯಾಗುವಾಗ ಅದೇ ಗುಪ್ತೋಷ್ಣವನ್ನು ಹೊರಗೆ ಬಿಡುತ್ತದೆ. ಒಂದು ಗ್ರಾಂ ನೀರು ಒಂದು ಡಿಗ್ರಿ ಬೆಚ್ಚಗಾಗಲು ಒಂದು ಕ್ಯಾಲೊರಿ ಶಾಖ ಬೇಕಾದರೆ, ಒಂದು ಗ್ರಾಂ ನೀರು ಗಡ್ಡೆಯಾಗುವಾಗ ಸುಮಾರು ೮೦ ಕ್ಯಾಲೊರಿ ಹೊರಬೀಳುತ್ತದೆ. ಆದುದರಿಂದ ಸೊನ್ನೆಗಿಂತ ಎಂಟು ಡಿಗ್ರಿ ತಣಿದ ನೀರಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಗಡ್ಡೆಯಾಗುವಷ್ಟರಲ್ಲಿಯೇ ಹೊರಬಿದ್ದ ಶಾಖವು ಉಳಿದ ಒಂಬತ್ತು ಪಾಲನ್ನು ಸೊನ್ನೆಗೆ ಏರಿಸಿ ಘನೀಭವನವನ್ನು ನಿಲ್ಲಿಸಿಬಿಡುವುದು. ಅತಿಯಾಗಿ ತಣಿದ ಪಾನೀಯವು ಒಮ್ಮೆಗೇ ಕಲ್ಲಾಗದೆ, ಕುಡಿಯಲು ಬರುವಂಥ ನುಚ್ಚುಮಂಜಾಗುವ ರಹಸ್ಯವಿದು.

೪

ಇದೇ ಬ್ಲ್ಯಾಕನನ್ನು ಕಾಯಿಸಿದ ನೀರಿನ ಹಳೆಯ ಪ್ರಶ್ನೆಯು ಸೆಳೆಯಿತು. ಆ ಪ್ರಶ್ನೆಯು ಗಂಗಾತೀರದಲ್ಲಿಯೂ ಜೀವಂತವಾಗಿದ್ದಿತು. ಬಂಗಾಳದ ಸೈನ್ಯದ ಮುಖ್ಯಾಧಿಕಾರಿಯಾಗಿದ್ದ ಸರ್ ರಾಬರ್ಟ್ ಬಾರ್ಕರನು ಅಲಹಾಬಾದು ಮೊದಲಾದ ಕಡೆಗಳಲ್ಲಿ ಮಂಜು ತಯಾರಿಸುವ ಕ್ರಮವನ್ನು ವರ್ಣಿಸಿ ಬರೆದ ಪತ್ರವು ೧೭೭೫ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಬಯಲಿನಲ್ಲಿ ಮೂವತ್ತು ಅಡಿ ಚೌಕದ, ಎರಡಡಿ ಆಳದ ಗುಂಡಿಗಳನ್ನು ತೋಡಿ, ಒಣಗಿದ ಕಬ್ಬಿನ ಸೋಗೆ ಅಥವಾ ಜೋಳದ ದಂಟುಗಳನ್ನು ದಪ್ಪವಾಗಿ ಹಾಸುವರು. ಅದರ ಮೇಲೆ ಮೆರುಗಿಲ್ಲದ, ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಆಳದ ಮಣ್ಣಿನ ತಟ್ಟೆಗಳನ್ನು ಸಾಲಾಗಿ ಜೋಡಿಸಿ, ಕತ್ತಲಾಗುವ ಹೊತ್ತಿಗೆ ಕುದಿಸಿ ಆರಿಸಿದ ನೀರನ್ನು ತುಂಬುವರು. ಚಳಿಗಾಲದ ಗಾಳಿಯಿಲ್ಲದ ತಿಳಿರಾತ್ರಿಗಳಲ್ಲಿ, ಗಾಳಿಯ ಉಷ್ಣತೆ ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೇಲಿದ್ದರೂ ತಟ್ಟೆಗಳಲ್ಲಿ ಮಂಜು ಕಟ್ಟುತ್ತಿದ್ದಿತು. ಸೂರ್ಯೋದಯಕ್ಕೆ ಮುಂಚೆಯೇ ಕೂಲಿಯವರು ಅದನ್ನು ಒಟ್ಟುಗೂಡಿಸಿ, ಹುಲ್ಲು ಕಂಬಳಿಗಳನ್ನು ಹೊದಿಸಿದ ಆಳವಾದ ನೆಲಮಾಳಿಗೆಯಲ್ಲಿ ಬಡಿದು ತುಂಬುತ್ತಿದ್ದರು. ಬೇಸಿಗೆಯಲ್ಲಿ ಇದೇ ಮಂಜಿಗೆ ಪೆಟ್ಲುಪ್ಪನ್ನೂ ಅಡಿಗೆಯ ಉಪ್ಪನ್ನೂ ಬೆರೆಸಿ, ಬೆಳ್ಳಿಯ ಬಟ್ಟಲುಗಳಲ್ಲಿ ಷರಬತ್ತು ಕೆನೆಗಳನ್ನು ಗಟ್ಟಿಮಾಡುತ್ತಿದ್ದರು.

ಗಾಳಿಯಲ್ಲಿಲ್ಲದ ಚಳಿ ತಟ್ಟೆಗೆ ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ, ಇಬ್ಬನಿಯನ್ನು ಕುರಿತು ವಿಲಿಯಂ ಚಾರ್ಲ್ಸ್ ವೆಲ್ಸನು ೧೮೧೪ರಲ್ಲಿ ಬರೆದ ಪ್ರಬಂಧದಿಂದ ಉತ್ತರ ದೊರೆಯಿತು. ತಿಳಿಯಾದ ಆಕಾಶದ ಕಡೆಗೆ ನೀರು ತನ್ನ ಶಾಖವನ್ನು ಕಿರಣರೂಪದಿಂದ ಚೆಲ್ಲುತ್ತದೆ. ಕೆಳಗಿನ ಒಣಹುಲ್ಲು ನೆಲದ ಶಾಖವು ಮೇಲಕ್ಕೆ ಬಾರದಂತೆ ತಡೆಯುತ್ತದೆ. ಅಕ್ಷರವರಿಯದ ಕೂಲಿಯವರ ಏರ್ಪಾಡಿನಲ್ಲಿ ಒಂದೂ ವ್ಯರ್ಥವಾಗಿರಲಿಲ್ಲ.

ನೀರನ್ನು ಕುದಿಸುವುದರ ವಿಷಯವೇನು? ಮಂಜು ಕಟ್ಟುವುದಕ್ಕೆ ಇದು ಆವಶ್ಯಕವೆಂದು ಅಲ್ಲಿಯ ಕೆಲಸಗಾರರು ಎಣಿಸುತ್ತಿದ್ದರು. ಶಾಸ್ತ್ರಕ್ಕೆ ಇದು ಒಪ್ಪುವುದೋ ಇಲ್ಲವೋ ಎಂಬ ತೀರ್ಪನ್ನು ಬಾರ್ಕರನು ಕೊಡಲಿಲ್ಲ. ಕುದಿಸುವುದಕ್ಕೆ ಸೌದೆ ಸುಟ್ಟು, ಮತ್ತೆ ತಣಿಸುವುದಕ್ಕೆ ಕಷ್ಟಪಡುವುದು ಮೇಲುನೋಟಕ್ಕೆ ಹುಚ್ಚುತನದಂತೆಯೇ ತೋರುವುದು. ಬ್ಲ್ಯಾಕನು ನಗಲಿಲ್ಲ. ಗಾಳಿಯಿಲ್ಲದ ಚಳಿಯ ದಿನವೊಂದು ಒದಗಿದಾಗ, ಕುದಿಸಿ ಆರಿಸಿದ ನೀರನ್ನು ಒಂದು ಬಟ್ಟಲಿನಲ್ಲಿಯೂ ಕುದಿಸದ ನೀರನ್ನು ಇನ್ನೊಂದು ಬಟ್ಟಲಿನಲ್ಲಿಯೂ ತುಂಬಿ ಹೊರಗಿಟ್ಟನು. ಕುದಿಸಿದ ನೀರಿನಲ್ಲಿ ಮೊದಲು ಮಂಜು ಕಾಣಿಸಿತು. ಕುದಿಸದ ನೀರು ತಿಳಿಯಾಗಿಯೇ ಇದ್ದಿತು. ಕಲಕಿದಾಗ ಮಾತ್ರ ಅದರಲ್ಲಿ ಮಂಜಿನ ಎಳೆಗಳು ಥಟ್ಟನೆ ಮೂಡಿದವು. ಎರಡೂ ಸಮಾನವಾಗಿಯೇ ತಣಿದಿದ್ದವು. ಆದರೆ ಕುದಿಸದ ನೀರು ಮಟ್ಟವನ್ನು ಮೀರಿ ಇಳಿದು, ಹೆಪ್ಪಿಗಾಗಿ ಕಾದಿದ್ದಿತು. ಕುದಿಸಿದ ನೀರು ಕಳೆದುಕೊಂಡ ಗಾಳಿಯನ್ನು ಮತ್ತೆ ಹೀರಿಕೊಳ್ಳುವಾಗ ಅದರಲ್ಲಿ ಸೂಕ್ಷ್ಮವಾದ ಅಲುಗಾಟವಾಗುವುದೆಂದೂ, ಆ ಅಲುಗಾಟವೇ ಅದನ್ನು ಕಾಯಲು ಬಿಡುವುದಿಲ್ಲವೆಂದೂ ಬ್ಲ್ಯಾಕನು ಅಭಿಪ್ರಾಯಪಟ್ಟನು. ಈ ಲೇಖನವೂ ಬಾರ್ಕರನ ಪತ್ರವೂ ಪತ್ರಿಕೆಯ ಒಂದೇ ಸಂಪುಟದಲ್ಲಿ ಪ್ರಕಟವಾದವು.

ಹದಿಮೂರು ವರ್ಷಗಳ ಬಳಿಕ, ೧೭೮೮ರಲ್ಲಿ, ಇಂಗ್ಲೆಂಡಿನ ಚಾರ್ಲ್ಸ್ ಬ್ಲ್ಯಾಗ್ಡನನು ಈ ವಿಷಯವನ್ನೇ ಹಿಡಿದು ಕ್ರಮವಾದ ಪರೀಕ್ಷೆಗಳನ್ನು ನಡಸಿದನು. ತಿಳಿನೀರು ಕದಡಿದ ನೀರಿಗಿಂತ ಹೆಚ್ಚು ಕೆಳಕ್ಕೆ ಇಳಿಯುವುದೆಂದೂ, ಅಲುಗಾಟದಿಂದ ಕೆಲವು ವೇಳೆ ಹೆಪ್ಪುಗಟ್ಟುವುದಾದರೂ ಎಲ್ಲ ವೇಳೆಯಲ್ಲಿ ಹಾಗಾಗದೆಂದೂ, ಮಂಜಿನ ಅತ್ಯಲ್ಪವಾದ ಚೂರು ಮುಟ್ಟಿದರೆ ಮಾತ್ರ ಎಂದಿಗೂ ತಪ್ಪದೆಂದೂ ಅವನು ತೋರಿಸಿದನು. ನೀರಿಗೆ ಶ್ರೇಷ್ಠವಾದ ಹೆಪ್ಪು ಯಾವುದೆಂಬುದು ಇದರಿಂದ ನಿಶ್ಚಯವಾಯಿತು: ಮಂಜಿಗೆ ಮಂಜೇ ಹೆಪ್ಪು.

ಬ್ಲ್ಯಾಗ್ಡನನು ಬಿಡಿಸಿ ತೋರಿಸಿದ ಇನ್ನೊಂದು ಭೇದವೂ ಮುಖ್ಯವಾದುದು. ನೀರಿಗೆ ಉಪ್ಪು ಬೆರೆಸಿದರೆ ಅದು ಹೆಪ್ಪುಗಟ್ಟುವ ಮಟ್ಟವೇ ಕೆಳಗಿಳಿಯುವುದು. ಬೆರೆಸಿದ ಪ್ರಮಾಣಕ್ಕೆ ಅನುಗುಣವಾಗಿ ಇಳಿತವೂ ಹೆಚ್ಚುವುದು. ಸಕ್ಕರೆಯ ಪಾನಕವೂ ಮದ್ಯವೂ ಸೊನ್ನೆಯಲ್ಲಿ ಗಟ್ಟಿಯಾಗದಿರುವುದು ಈ ಕಾರಣದಿಂದ. ಅಲ್ಲಿ ಹೆಪ್ಪಿನ ಕೊರತೆಯಿಲ್ಲ. ಹೆಪ್ಪು ಹಾಕಿದರೂ ಆ ಪಾನೀಯವು ತನ್ನ ಹೊಸ ಮಟ್ಟಕ್ಕೆ ಇಳಿಯುವ ತನಕ ಗಟ್ಟಿಯಾಗದು. ಆದರೆ ತನ್ನ ಮಟ್ಟವನ್ನೂ ಮೀರಿ ಇಳಿದು ದ್ರವವಾಗಿಯೇ ನಿಂತಿರುವುದು ಬೇರೆಯ ಸ್ಥಿತಿ. ಮೊದಲನೆಯದು ನೆಲೆಯಾದ ಸ್ಥಿತಿ. ಎರಡನೆಯದು ತುದಿಗಾಲಿನಲ್ಲಿ ನಿಂತ ಸ್ಥಿತಿ.

೫

ನೀರು ಹೀಗೆ ಕಾಯುವುದೇಕೆ? ಮಂಜು ಎಂಬುದು ನೀರಿನ ಅಣುಗಳು ಒಂದು ಕ್ರಮದಲ್ಲಿ ಜೋಡಣೆಗೊಂಡ ಹರಳು. ಕೆಲವೇ ಅಣುಗಳು ಆಕಸ್ಮಿಕವಾಗಿ ಆ ಕ್ರಮದಲ್ಲಿ ಕೂಡಿದರೆ, ಹರಳಿನ ಒಡಲಿಗಿಂತ ಮೈಯೇ ಹೆಚ್ಚಾಗುವುದು. ಒಡಲು ಬೆಳೆದಷ್ಟೂ ಶಕ್ತಿಯ ಲಾಭ. ಮೈ ಬೆಳೆದಷ್ಟೂ ನಷ್ಟ. ಬಹು ಚಿಕ್ಕದಾದ ಹರಳಿಗೆ ನಷ್ಟವೇ ಮೇಲಾಗುವುದರಿಂದ ಅದು ಹುಟ್ಟಿದೊಡನೆ ಕರಗಿಹೋಗುವುದು. ಒಂದು ಗಾತ್ರವನ್ನು ಮೀರಿದ ಹರಳು ಮಾತ್ರ ಬದುಕಿ ಬೆಳೆಯುವುದು. ಧೂಳಿನ ಕಣವೋ, ಪಾತ್ರೆಯ ಒರಟು ಮೈಯೋ, ಮಂಜಿನ ಚೂರೋ ಅಣುಗಳಿಗೆ ಸಿದ್ಧವಾದ ಪೀಠವನ್ನು ಕೊಟ್ಟರೆ ಈ ಅಡ್ಡಿ ತಗ್ಗುವುದು. ನೀರಿನ ಹೆಪ್ಪು ಎಂದರೆ ಈ ಪೀಠವೇ. ಪೀಠವೇ ಇಲ್ಲದಂತೆ ಮಾಡಬೇಕೆಂದು ಸ್ವಿಟ್ಜರ್ಲೆಂಡಿನ ಲೂಯಿ ದ್ಯೂಫೂರನು ೧೮೬೧ರಲ್ಲಿ ನೀರಿನ ಹನಿಗಳನ್ನು ಎಣ್ಣೆ ಮೊದಲಾದ ದ್ರವಗಳ ನಡುವೆ ತೇಲಿಸಿ, ಗೋಡೆಯ ಸೋಂಕಿಲ್ಲದೆ ತಣಿಸಿ, ಸೊನ್ನೆಗಿಂತ ಸುಮಾರು ಇಪ್ಪತ್ತು ಡಿಗ್ರಿ ಕೆಳಕ್ಕೆ ಇಳಿಸಿದನು. ಬಹು ಸಣ್ಣ ಶುದ್ಧ ಹನಿಗಳು ಸೊನ್ನೆಗಿಂತ ನಲವತ್ತು ಡಿಗ್ರಿಗಳ ಹತ್ತಿರದವರೆಗೂ ದ್ರವವಾಗಿರುವುವೆಂದು ಈಗ ತಿಳಿದಿದೆ. ಅಲ್ಲಿಂದ ಕೆಳಗೆ ಹೊರಗಿನ ಹೆಪ್ಪು ಬೇಡ. ನೀರು ತನಗೆ ತಾನೇ ಹೆಪ್ಪಾಗುವುದು.

ಇಂಥ ಹನಿಗಳು ಪ್ರಯೋಗಶಾಲೆಯಲ್ಲಿ ಮಾತ್ರವಲ್ಲ, ಪ್ರತಿಯೊಂದು ಮಳೆಗಾಲದಲ್ಲಿಯೂ ತಲೆಯ ಮೇಲೆಯೇ ಇರುತ್ತವೆ. ಉಷ್ಣವಲಯದ ಆಕಾಶದಲ್ಲಿ ಸುಮಾರು ಐದು ಕಿಲೋಮೀಟರ್ ಎತ್ತರದಿಂದಾಚೆಗೆ ಸೊನ್ನೆಯ ಕೆಳಗಿನ ಚಳಿಯಿದ್ದರೂ, ಮೋಡದ ಹನಿಗಳಲ್ಲಿ ಬಹಳಷ್ಟು ಹೆಪ್ಪಿಲ್ಲದೆ ನೀರಾಗಿಯೇ ತೇಲುತ್ತಿರುತ್ತವೆ. ಕರ್ನಾಟಕದಲ್ಲಿ ಬೇಸಿಗೆಯ ಕೊನೆಯ ಗುಡುಗುಮಳೆಯೊಡನೆ ಬೀಳುವ ಆಲಿಕಲ್ಲು, ಈ ಕಾದಿರುವ ಹನಿಗಳು ಒಂದು ಮಂಜಿನ ತುಣುಕಿಗೆ ಮೆತ್ತಿಕೊಂಡು ಗಟ್ಟಿಯಾಗಿ ಬೆಳೆದುದು. ಅಮೆರಿಕದ ವಿನ್ಸೆಂಟ್ ಷೇಫರನು ೧೯೪೬ರ ಜುಲೈ ತಿಂಗಳಲ್ಲಿ, ಕಪ್ಪು ಮಖಮಲ್ಲಿನ ಒಳಹೊದಿಕೆಯ ಶೀತಪೆಟ್ಟಿಗೆಯೊಳಕ್ಕೆ ತನ್ನ ಉಸಿರನ್ನೂದಿ ಕಿರುಮೋಡವನ್ನು ಮಾಡಿ, ಅದರೊಳಗೆ ಘನರೂಪದ ಇಂಗಾಲಾಮ್ಲವನ್ನು ಹಾಕಿದಾಗ, ಅದು ಕ್ಷಣಮಾತ್ರದಲ್ಲಿ ಮಿನುಗುವ ಮಂಜಿನ ಹರಳುಗಳಾಯಿತು. ಅದೇ ನವೆಂಬರಿನಲ್ಲಿ ಅವನು ವಿಮಾನದಿಂದ ನಿಜವಾದ ಮೋಡಕ್ಕೆ ಅದನ್ನು ಎರಚಿ ಹಿಮವನ್ನು ಉದುರಿಸಿದನು. ಮಂಜಿನ ಹರಳನ್ನೇ ಹೋಲುವ ರಚನೆಯುಳ್ಳ ಸಿಲ್ವರ್ ಅಯೊಡೈಡು ಮೋಡಕ್ಕೆ ಹೆಪ್ಪಾಗಬಲ್ಲುದೆಂದು ಅವನ ಸಹೋದ್ಯೋಗಿ ಬರ್ನಾರ್ಡ್ ವಾನೆಗಟನು ಆ ತಿಂಗಳೇ ತೋರಿಸಿದನು. ಕರ್ನಾಟಕ ಸರ್ಕಾರವು ೨೦೧೭ರ ಆಗಸ್ಟಿನಲ್ಲಿ ಬೆಂಗಳೂರಿನ ಜಕ್ಕೂರು ವಿಮಾನನಿಲ್ದಾಣದಿಂದ ಆರಂಭಿಸಿದ ‘ವರ್ಷಧಾರೆ’ ಎಂಬ ಮೋಡಬಿತ್ತನೆಯ ಕಾರ್ಯದ ಬೇರು ಈ ಪರೀಕ್ಷೆಗಳಲ್ಲಿದೆ. ಬಿತ್ತನೆಯಿಂದ ಎಷ್ಟು ಮಳೆ ಹೆಚ್ಚುವುದೆಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲವಾದರೂ, ಹೆಪ್ಪಿನ ತತ್ವದಲ್ಲಿ ಸಂದೇಹವಿಲ್ಲ. ಬಾಯಾರಿದವನ ಬಟ್ಟಲಿನಿಂದ ಹೊರಟ ಪ್ರಶ್ನೆಯು ಬಾಯಾರಿದ ಹೊಲದವರೆಗೆ ಬಂದಿತು.

ಬಟ್ಟಲನ್ನೂ ಮನುಷ್ಯನು ಮರೆತಿಲ್ಲ. ಜಪಾನಿನಲ್ಲಿ ಅಕ್ಕಿಯ ಮದ್ಯವನ್ನು ಅದರ ಹೆಪ್ಪುಗಟ್ಟುವ ಮಟ್ಟಕ್ಕಿಂತಲೂ ಕೆಳಗೆ ದ್ರವವಾಗಿಯೇ ತಣಿಸಿಟ್ಟು, ಬಟ್ಟಲಿಗೆ ಸುರಿಯುವಾಗ ನುಚ್ಚುಮಂಜಾಗುವಂತೆ ಮಾಡಿ ಬಡಿಸುವ ವಾಡಿಕೆಯುಂಟು. ಮಂಜುಬೆರೆತ ಮಳೆಗೆ ಆ ಭಾಷೆಯಲ್ಲಿರುವ ಹೆಸರಿನಿಂದಲೇ ಅದನ್ನು ‘ಮಿಜೊರೆ’ ಮದ್ಯವೆಂದು ಕರೆಯುತ್ತಾರೆ. ಸೋಡಾ ಬಾಟಲಿನಲ್ಲಿ ಎರಡು ಕಾರಣಗಳು ಕೂಡುತ್ತವೆ. ಒತ್ತಡದಿಂದ ಕರಗಿದ್ದ ಅನಿಲವು ಮುಚ್ಚಳ ತೆರೆದಾಗ ಹೊರಡುವುದರಿಂದ ಪಾನೀಯವು ಹೆಪ್ಪುಗಟ್ಟುವ ಮಟ್ಟ ಸ್ವಲ್ಪ ಮೇಲೇರುವುದು. ಏಳುವ ಗುಳ್ಳೆಗಳು ಹರಳು ಹುಟ್ಟುವುದಕ್ಕೆ ನೆಪವಾಗುವುವು. ಇದನ್ನು ಮನೆಯಲ್ಲಿ ನೋಡಬಯಸುವವರು ಗಾಜಿನ ಬಾಟಲನ್ನು ಉಪಯೋಗಿಸಬಾರದು. ನೀರು ಗಡ್ಡೆಯಾಗುವಾಗ ಸುಮಾರು ಹನ್ನೊಂದರಲ್ಲೊಂದು ಪಾಲು ಹಿಗ್ಗುವುದರಿಂದ ಕಾಯುವ ಹೊತ್ತು ಮೀರಿದರೆ ಗಾಜು ಸಿಡಿದೀತು.

ಕಾಯಿಸಿದ ನೀರಿನ ಪ್ರಶ್ನೆಯು ಕೊನೆಯದಾಗಿ ಮತ್ತೊಮ್ಮೆ ಬಂದುದು ಒಬ್ಬ ಬಾಲಕನ ಬಾಯಿಂದ. ೧೯೬೩ರಲ್ಲಿ ಪೂರ್ವ ಆಫ್ರಿಕದ ಟಾಂಗನೀಕದಲ್ಲಿ ಎರಾಸ್ಟೊ ಎಂಪೆಂಬಾ ಎಂಬ ವಿದ್ಯಾರ್ಥಿಯು ಸಹಪಾಠಿಗಳೊಡನೆ ಹಾಲು ಸಕ್ಕರೆಗಳಿಂದ ಐಸ್‌ಕ್ರೀಮು ಮಾಡುತ್ತಿದ್ದನು. ಶೀತಪೆಟ್ಟಿಗೆಯಲ್ಲಿ ಜಾಗ ತಪ್ಪೀತೆಂಬ ಅವಸರದಿಂದ ಕುದಿಸಿದ ಹಾಲನ್ನು ಆರಿಸದೆ ಬಿಸಿಯಾಗಿಯೇ ಇಟ್ಟನು. ಅವನ ಹಾಲೇ ಬೇರೆಯವರದಕ್ಕಿಂತ ಮೊದಲು ಗಟ್ಟಿಯಾಯಿತು. ಕಾರಣವನ್ನು ಕೇಳಿದಾಗ ಉಪಾಧ್ಯಾಯರು, ನೀನು ಭ್ರಮೆಗೊಂಡಿರುವೆ, ಹಾಗಾಗುವುದು ಶಕ್ಯವಿಲ್ಲವೆಂದರು. ಮುಂದೆ ಶಾಲೆಗೆ ಉಪನ್ಯಾಸಕ್ಕಾಗಿ ಬಂದ ಡೆನಿಸ್ ಆಸ್ಬಾರ್ನ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕನನ್ನು ಹುಡುಗನು ಅದೇ ಪ್ರಶ್ನೆ ಕೇಳಿದನು. ಸಹಪಾಠಿಗಳು ನಕ್ಕರು, ಪ್ರಾಧ್ಯಾಪಕನು ನಗದೆ, ಊರಿಗೆ ಹೋಗಿ ಪರೀಕ್ಷೆ ಮಾಡಿಸಿದನು. ಇಬ್ಬರ ಹೆಸರಿನಲ್ಲಿಯೂ ೧೯೬೯ರಲ್ಲಿ ಲೇಖನವು ಪ್ರಕಟವಾಯಿತು. ಆ ಪರಿಣಾಮವು ಎಲ್ಲ ಸಂದರ್ಭದಲ್ಲಿಯೂ ನಿಜವೇ ಎಂಬ ವಾದ ಇನ್ನೂ ಮುಗಿದಿಲ್ಲ. ತಣ್ಣೀರು ಬಿಸಿನೀರಿಗಿಂತ ಹೆಚ್ಚು ಕೆಳಗಿಳಿದು ಹೆಪ್ಪಿಗಾಗಿ ಕಾಯುವುದೂ ಅದಕ್ಕೊಂದು ಕಾರಣವಿರಬಹುದೆಂದು ಕೆಲವರು ಸೂಚಿಸಿದ್ದಾರೆ. ಆ ಸೂಚನೆ ನಿಂತರೆ, ಬ್ಲ್ಯಾಕನ ಎರಡು ಬಟ್ಟಲುಗಳ ಉತ್ತರವೇ ಬಾಲಕನ ಹಾಲಿಗೂ ಸಲ್ಲುವುದು.

ಅಲಹಾಬಾದಿನ ಗುಂಡಿಗಳು ಮುಚ್ಚಿಹೋಗಿವೆ. ೧೮೩೩ರಲ್ಲಿ ಅಮೆರಿಕದ ಸರೋವರಗಳ ಮಂಜು ಹಡಗಿನಲ್ಲಿ ಕಲ್ಕತ್ತೆಗೆ ಬಂದಿಳಿದ ಮೇಲೆ ಪೆಟ್ಲುಪ್ಪಿನ ಕೂಜೆ ಆಡಿಸುವವರ ಅವಶ್ಯಕತೆ ತಗ್ಗುತ್ತ ಹೋಯಿತು. ಯಂತ್ರಗಳು ಮಂಜನ್ನು ಮಾಡತೊಡಗಿದ ಮೇಲೆ ಆ ಹಡಗುಗಳೂ ನಿಂತವು. ಮಂಜಿನ ತಟ್ಟೆಗೆ ಕುದಿಸಿದ ನೀರು ತುಂಬಿದವರ ಹೆಸರನ್ನು ಯಾವ ಪತ್ರಿಕೆಯೂ ಅಚ್ಚುಮಾಡಲಿಲ್ಲ. ಆದರೆ ಅವರ ವಾಡಿಕೆಯಂಥ ವಾಡಿಕೆಯನ್ನು ಪರೀಕ್ಷಿಸಲು ಹೊರಟ ಪಂಡಿತನಿಗೆ, ಬಟ್ಟಲಿನಲ್ಲಿ ಸದ್ದಿಲ್ಲದೆ ಹೆಪ್ಪಿಗಾಗಿ ಕಾದಿದ್ದ ನೀರು ಕಾಣಿಸಿತು. ಮುಂದೆ ಸೋಡಾ ಬಾಟಲು ಕಣ್ಣೆದುರಿನಲ್ಲಿ ಬೆಳ್ಳಗಾದಾಗ, ಇಂದಿನ ಮನೆಯವರಿಗೂ ಕಾಣುವುದು ಅದೇ ನೀರು.